ಊರಲ್ಲೇ ಉಳಿಯುವ ಡಾಕ್ಟರು ಬೇಕಾಗಿದ್ದಾರೆ

ಜನವರಿ ತಿಂಗಳು. ಮಲೆನಾಡಿನ ಹಳ್ಳಿಯೊಂದರಿಂದ ಒಬ್ಬಾತ ಜ್ವರ, ತಲೆನೋವು, ಸೊಂಟ ಮುರಿದುಹೋಗುವಂಥ ಮೈಕೈ ನೋವು ಅಂತ ಆಸ್ಪತ್ರೆಗೆ ಬರುತ್ತಾನೆ. ಮೊನ್ನೆ ಮೊನ್ನೆ ಬಯಲುಸೀಮೆಯಿಂದ ಬಂದ ಡಾಕ್ಟರಿಗೆ ಅದು ಮಾಮೂಲಿ ವೈರಲ್ ಜ್ವರ. ಒಂದು ಸೂಜಿ, ನಾಲ್ಕು ಮಾತ್ರೆ, ಕಡಿಮೆಯಾಗದಿದ್ದರೆ ಮೂರು ದಿನ ಬಿಟ್ಟು ಬಾ. ಅದೇ ಊರಲ್ಲಿ ಹತ್ತು ಚಳಿಗಾಲ ಕಂಡ ಡಾಕ್ಟರು ಥರ್ಮಾಮೀಟರ್ ಹಿಡಿಯುವ ಮೊದಲೇ ಕೇಳುತ್ತಾರೆ: "ದರಗು ತರೋಕೆ ಕಾಡಿಗೆ ಹೋಗಿದ್ಯೇನೋ? ಆ ಕಡೆ ಎಲ್ಲಾದರೂ ಮಂಗ ಸತ್ತಿದ್ದು ಕಂಡ್ರಾ?" ಆ ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ರೋಗ ಅರ್ಧ ಪತ್ತೆಯಾಗಿರುತ್ತದೆ.

ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ, ಬೆಳಕಿಗೆ ಬಂದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಂಚಿನಲ್ಲಿ. ಉಣುಗುಗಳಿಂದ ಹರಡುವ ಈ ಜ್ವರಕ್ಕೆ ಇಂದಿಗೂ ನೇರವಾದ ಔಷಧಿ ಇಲ್ಲ. ಬೇಗ ಗುರುತಿಸಬೇಕು, ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡುತ್ತಿರಬೇಕು, ರಕ್ತಸ್ರಾವದ ಸುಳಿವು ಸಿಕ್ಕ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಸಕಾಲದಲ್ಲಿ ಡಾಕ್ಟರಿಗೆ ಅನುಮಾನ ಬಂದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. 2018–19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಸಾಲು ಸಾಲಾಗಿ ಜೀವ ತೆಗೆದಾಗ ಇಡೀ ಮಲೆನಾಡು ಬೆಚ್ಚಿತ್ತು. ಡಾಕ್ಟರಿಗೆ ಸಕಾಲದಲ್ಲಿ ಬರಬೇಕಾದ ಆ ಅನುಮಾನ ಎಂಬಿಬಿಎಸ್ ಪುಸ್ತಕದ ಓದಿನಿಂದ ಪೂರ್ತಿ ಬರುವಂಥದ್ದಲ್ಲ. ಒಂದು ಊರಿನ ಕಾಡು, ಕೊಟ್ಟಿಗೆ, ತೋಟ, ಜಾತ್ರೆ, ಕೂಲಿಗೆ ಹೋಗುವ ದಾರಿ ಎಲ್ಲವನ್ನೂ ವರ್ಷಗಟ್ಟಲೆ ನೋಡಿದ ಕಣ್ಣಿಗೆ ಅದು ಹೊಳೆಯುತ್ತದೆ.

ಗ್ರಾಮೀಣ ಆರೋಗ್ಯದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಎಣಿಕೆಗೆ ಇಳಿಯುತ್ತೇವೆ. ಎಷ್ಟು ಹುದ್ದೆ ಖಾಲಿ, ಎಷ್ಟು ಕಟ್ಟಡ ಬೇಕು, ಎಷ್ಟು ಜನಕ್ಕೆ ಒಬ್ಬ ಡಾಕ್ಟರು. ಎಣಿಕೆ ಬೇಡವೆಂದಲ್ಲ. ಆದರೆ ಹಳ್ಳಿಯ ಜನ ಅನುಭವಿಸುತ್ತಿರುವ ಕೊರತೆ ಆ ಲೆಕ್ಕದಲ್ಲಿ ಸಿಗುವುದಿಲ್ಲ. ಹುದ್ದೆ ತುಂಬಿದೆ, ಡಾಕ್ಟರು ಕೂತಿದ್ದಾರೆ, ಆದರೂ ಅವರು ಯಾರ ಡಾಕ್ಟರೂ ಅಲ್ಲ. ಹೋದ ವರ್ಷ ಇದ್ದವರು ಇವರಲ್ಲ, ಬರುವ ವರ್ಷ ಇರುವವರೂ ಇವರಲ್ಲ.

ನಮ್ಮ ರಾಜ್ಯಕ್ಕಂತೂ ಡಾಕ್ಟರುಗಳ ಬರ ಎನ್ನುವ ಮಾತು ಒಪ್ಪುವುದೇ ಇಲ್ಲ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳಿವೆ. ದೇಶದಲ್ಲಿ ಅತಿ ಹೆಚ್ಚು ಸೀಟುಗಳಿರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಎರಡು ಸಾವಿರ ದಾಟಿವೆ. ಕಲಿಸುವ ಜಾಗ ಎಲ್ಲಿದೆ ಎಂಬುದನ್ನು ಮಾತ್ರ ನೋಡಬೇಕು. ಬೆಂಗಳೂರು, ಮಂಗಳೂರಿನ ಆಸುಪಾಸಿನಲ್ಲಿ ಕಾಲೇಜುಗಳು ಒತ್ತೊತ್ತಾಗಿ ನಿಂತಿದ್ದರೆ, ಯಾದಗಿರಿ ಜಿಲ್ಲೆಗೆ ಮೊದಲ ವೈದ್ಯಕೀಯ ಕಾಲೇಜು ಸಿಕ್ಕಿದ್ದು 2022ರಲ್ಲಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅತ್ಯಂತ ಹಿಂದುಳಿದವು ಎಂದು ಅದು ಹೆಸರಿಸಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಅಂದಿನ ಗುಲ್ಬರ್ಗ ವಿಭಾಗದವು. ಅಲ್ಲಿಯ ಹಳ್ಳಿಯೊಂದರ ಮುದುಕಿ ದವಾಖಾನೆಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು, ಜತೆಗೆ ಬರುವ ಮಗನ ಕೂಲಿಯೂ ಹೋಗಬೇಕು.

ವೇಲ್ಸ್‌ನ ಗ್ಲಿನ್‌ಕೊರ್ಗ್ ಎಂಬ ಗಣಿ ಕಾರ್ಮಿಕರ ಹಳ್ಳಿಯಲ್ಲಿ ದಶಕಗಳ ಕಾಲ ಫ್ಯಾಮಿಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದ ಲೇಖನವೊಂದು ಈ ವಿಷಯದಲ್ಲಿ ಇಂದಿಗೂ ದಾರಿದೀಪ. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ, ಎಲ್ಲಿ ಮಾರುಕಟ್ಟೆಯ ಹಿಡಿತ ಬಿಗಿಯೋ ಅಲ್ಲಿ ಈ ಅನ್ಯಾಯ ಇನ್ನೂ ಹೆಚ್ಚು ಎಂಬುದು ಅವರ ವಾದ. ಅವರು ವಾದಕ್ಕೇ ನಿಲ್ಲಲಿಲ್ಲ. ತಮ್ಮ ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು, ಕಾಯಿಲೆ ಇದ್ದವರು ಇಲ್ಲದವರು ಎನ್ನದೆ, ಅಳೆದು ಬರೆದಿಟ್ಟರು. ಬಿಪಿ ಹೆಚ್ಚಿದ್ದವರನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡರು. ಇಪ್ಪತ್ತೈದು ವರ್ಷಗಳ ದಾಖಲೆ ಮುಂದಿಟ್ಟುಕೊಂಡು ನೋಡಿದಾಗ, ಪಕ್ಕದ ಅಂಥದ್ದೇ ಹಳ್ಳಿಗೆ ಹೋಲಿಸಿದರೆ ಅವರ ಊರಿನಲ್ಲಿ ಅಕಾಲ ಮರಣ ಸ್ಪಷ್ಟವಾಗಿ ಕಡಿಮೆಯಿತ್ತು. ಅವರ ಬಳಿ ಇದ್ದ ಮುಖ್ಯ ಸಲಕರಣೆ ಒಂದು ಬಿಪಿ ಯಂತ್ರ, ಒಂದು ರಿಜಿಸ್ಟರು, ಮತ್ತು ಊರು ಬಿಟ್ಟು ಹೋಗದ ಛಲ.

ಪರಿಚಯವೇ ಚಿಕಿತ್ಸೆ

ಒಬ್ಬರೇ ಡಾಕ್ಟರನ್ನು ಬಹುಕಾಲ ಕಂಡರೆ ಆಯಸ್ಸು ಹೆಚ್ಚುತ್ತದೆಯೇ? ಕೇಳಲು ಭಾವುಕ ಪ್ರಶ್ನೆ. ಆದರೆ ಇದನ್ನು ಅಳೆದಿದ್ದಾರೆ. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬ ನಾಗರಿಕನ ಹೆಸರೂ ಒಬ್ಬ ನಿರ್ದಿಷ್ಟ ಫ್ಯಾಮಿಲಿ ಡಾಕ್ಟರ ಪಟ್ಟಿಯಲ್ಲಿರುತ್ತದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ಒಬ್ಬರೇ ಡಾಕ್ಟರ ಬಳಿ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ಹೊತ್ತಲ್ಲದ ಹೊತ್ತಿನ ಓಡಾಟ, ತುರ್ತಾಗಿ ಆಸ್ಪತ್ರೆ ಸೇರುವುದು ಮತ್ತು ಸಾವು, ಈ ಮೂರರ ಸಂಭವವೂ ಶೇಕಡ 25ರಿಂದ 30ರಷ್ಟು ಕಡಿಮೆಯಿತ್ತು. ಇಂಥ ಬೇರೆ ಬೇರೆ ದೇಶಗಳ 22 ಅಧ್ಯಯನಗಳನ್ನು ಒಟ್ಟುಹಾಕಿ 2018ರಲ್ಲಿ ಪ್ರಕಟವಾದ ವಿಮರ್ಶೆಯಲ್ಲೂ 18 ಅಧ್ಯಯನಗಳು ಇದನ್ನೇ ಹೇಳಿದ್ದವು. ಸಾವನ್ನು ಕಾಲು ಭಾಗದಷ್ಟು ಕಡಿಮೆ ಮಾಡುವ ಒಂದು ಮಾತ್ರೆ ಬಂದಿದ್ದರೆ ಅದು ಹಳ್ಳಿ ಹಳ್ಳಿಗೆ ತಲುಪಬೇಕೆಂದು ಸರ್ಕಾರಗಳು ಪೈಪೋಟಿಗೆ ಬೀಳುತ್ತಿದ್ದವು.

ಯಾಕೆ ಹೀಗಾಗುತ್ತದೆ ಎಂಬುದು ಹಳ್ಳಿಯ ಕಡೆಯಿಂದ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ರೋಗಿ ಬಂದು ಹೇಳುವುದು ರೋಗದ ಹೆಸರನ್ನಲ್ಲ. ಸುಸ್ತು ಅನ್ನುತ್ತಾರೆ, ಎದೆ ಉರಿ ಅನ್ನುತ್ತಾರೆ, ತಲೆ ಗಿರ್ ಅನ್ನುತ್ತದೆ ಎನ್ನುತ್ತಾರೆ. ಐವತ್ತೈದರ ಹೆಂಗಸೊಬ್ಬಳು ಎದೆ ಉರಿ ಎಂದು ಬಂದರೆ ಅದು ನಿನ್ನೆಯ ಮದುವೆ ಮನೆ ಊಟವಿರಬಹುದು, ಹೃದಯಾಘಾತದ ಮುನ್ಸೂಚನೆಯಿರಬಹುದು, ಕುಡಿದು ಬರುವ ಗಂಡನ ಭಯವೂ ಇರಬಹುದು. ಪರಿಚಯವಿಲ್ಲದ ಡಾಕ್ಟರಿಗೆ ಮೂರೂ ಒಂದೇ ತೂಕ. ಹೆದರಿದರೆ ಎಲ್ಲ ಪರೀಕ್ಷೆ ಬರೆಯುತ್ತಾರೆ, ಹೆದರದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹತ್ತು ವರ್ಷದಿಂದ ಬಲ್ಲ ಡಾಕ್ಟರಿಗೆ ಆಕೆ ಎಂದೂ ಸುಮ್ಮನೆ ಬರುವವಳಲ್ಲ ಎಂಬುದು ಗೊತ್ತು. ಆಕೆಯ ಅಪ್ಪ ನಲವತ್ತೆಂಟಕ್ಕೇ ಗದ್ದೆ ಬದುವಿನಲ್ಲಿ ಕುಸಿದು ಸತ್ತದ್ದೂ ಗೊತ್ತು. ಅವರು ಇಸಿಜಿ ಮಾಡಿಸದೆ ಬಿಡುವುದಿಲ್ಲ.

ಬಿಪಿ, ಶುಗರ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲೊಬ್ಬರಿಗೆ ರಕ್ತದೊತ್ತಡ ಹೆಚ್ಚು. ಈ ಮಾತ್ರೆಗಳ ಕಷ್ಟವೆಂದರೆ ನುಂಗಿದರೆ ಏನೂ ಅನ್ನಿಸುವುದಿಲ್ಲ, ಬಿಟ್ಟರೂ ಏನೂ ಅನ್ನಿಸುವುದಿಲ್ಲ. "ಈಗ ಆರಾಮಿದೀನಿ" ಎಂದು ರೋಗಿ ತಾನೇ ನಿಲ್ಲಿಸುತ್ತಾನೆ. ಹೊಸ ಡಾಕ್ಟರು ಬಂದು ಮಾತ್ರೆಯ ಬಣ್ಣ ಬದಲಾದರೆ ಹಳೆಯದು ಹೊಸದು ಎರಡನ್ನೂ ನುಂಗುವವರಿದ್ದಾರೆ, ಎರಡನ್ನೂ ಬಿಡುವವರೂ ಇದ್ದಾರೆ. ಮೂರು ವರ್ಷದ ನಂತರ ಲಕ್ವ ಹೊಡೆದಾಗ ಅಥವಾ ಕಿಡ್ನಿ ಕೈಕೊಟ್ಟಾಗ ಮನೆಯವರು ಸಾಲ ಮಾಡಿ ಬೆಂಗಳೂರಿಗೆ ಓಡುತ್ತಾರೆ. ಸಂತೆಯಲ್ಲಿ ಎದುರಾದಾಗ "ಏನ್ ಗೌಡ್ರೇ, ಎರಡು ತಿಂಗಳಾಯ್ತು, ಈ ಕಡೆ ಬರಲೇ ಇಲ್ಲ?" ಎಂದು ಕೇಳುವ ಡಾಕ್ಟರೊಬ್ಬರು ಊರಲ್ಲಿದ್ದರೆ ಈ ಓಟ ಎಷ್ಟೋ ಮನೆಗಳಲ್ಲಿ ತಪ್ಪುತ್ತದೆ.

1961ರಲ್ಲಿ ಕೆರ್ ವೈಟ್ ಮತ್ತು ಜೊತೆಗಾರರು ಅಮೆರಿಕ, ಬ್ರಿಟನ್ನಿನ ಅಂಕಿಅಂಶ ಹಿಡಿದು ಒಂದು ಸರಳ ಲೆಕ್ಕ ಮುಂದಿಟ್ಟಿದ್ದರು. ಸಾವಿರ ಜನ ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆ ಕಸಾಲೆ ಬರುತ್ತದೆ. ಅವರಲ್ಲಿ 250 ಮಂದಿ ಡಾಕ್ಟರ ಬಳಿ ಹೋಗುತ್ತಾರೆ. ಆಸ್ಪತ್ರೆ ಸೇರುವವರು ಒಂಬತ್ತು ಮಂದಿ. ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ತಲುಪುವವನು ಒಬ್ಬ. ನಮ್ಮ ಎಂಬಿಬಿಎಸ್ ಹುಡುಗ ಹುಡುಗಿಯರು ಐದೂವರೆ ವರ್ಷದ ಹೆಚ್ಚಿನ ಭಾಗ ಕಲಿಯುವುದು ಆ ಒಬ್ಬನ ಮಂಚದ ಸುತ್ತ ನಿಂತು. ಹಳ್ಳಿಯಲ್ಲಿ ಅವರೆದುರು ಬಂದು ಕೂರುವವರು ಉಳಿದ 249. ವಾರ್ಡಿನಲ್ಲಿ ನೋಡಿದ ಅಪರೂಪದ ಕಾಯಿಲೆ ಇಲ್ಲಿ ಬರುವುದಿಲ್ಲ. ಇಲ್ಲಿ ಬರುವ ಸುಸ್ತನ್ನು ವಾರ್ಡಿನಲ್ಲಿ ಯಾರೂ ತೋರಿಸಿರುವುದಿಲ್ಲ. ಹಳ್ಳಿಗೆ ಬರಲು ಯುವ ಡಾಕ್ಟರಿಗಿರುವ ಅಳುಕನ್ನು ನಾನು ಸೋಮಾರಿತನ ಎನ್ನಲಾರೆ. ನಾವು ಅವರನ್ನು ಈ ಕೆಲಸಕ್ಕೆ ತಯಾರು ಮಾಡಿಯೇ ಇಲ್ಲ.

ಎಲ್‌ಎಂಪಿ ಹೋದರು, ಆರ್‌ಎಂಪಿ ಬಂದರು

ಒಂದು ಕಾಲಕ್ಕೆ ನಮ್ಮ ಹಳ್ಳಿ, ಹೋಬಳಿಗಳಲ್ಲಿ ಎಲ್‌ಎಂಪಿ ಡಾಕ್ಟರುಗಳಿದ್ದರು. ಪದವಿಗಿಂತ ಕಡಿಮೆ ಅವಧಿಯ ವೈದ್ಯಕೀಯ ಡಿಪ್ಲೊಮಾ ಓದಿದವರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ನೋಂದಾಯಿತ ವೈದ್ಯರು 47,524. ಅವರಲ್ಲಿ 29,870 ಮಂದಿ ಇಂಥ ಲೈಸೆನ್ಷಿಯೇಟ್‌ಗಳೇ. ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿ ನಮ್ಮ ಆರೋಗ್ಯ ವ್ಯವಸ್ಥೆಯ ಅಡಿಪಾಯ. ದುಡ್ಡಿಲ್ಲದವನಿಗೂ ಚಿಕಿತ್ಸೆ ಸಿಗಬೇಕು ಎಂದು ಸಾರಿದ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಕೊಟ್ಟ ವರದಿ ಅದು. ಅದೇ ವರದಿ, ಇನ್ನು ಮುಂದೆ ದೇಶದಲ್ಲಿ ಒಂದೇ ಬಗೆಯ ಡಾಕ್ಟರು ಸಾಕು, ಆತ ಪದವೀಧರನಾಗಿರಬೇಕು ಎಂದೂ ಹೇಳಿತು. ಸಮಿತಿಯ ಕೆಲವು ಸದಸ್ಯರು ಒಪ್ಪಲಿಲ್ಲ. ಹಳ್ಳಿಗಳಿಗೆ ಡಾಕ್ಟರು ಸಾಲದಾಗುತ್ತಾರೆ ಎಂಬುದು ಅವರ ಆತಂಕವಾಗಿತ್ತು. ಹಳ್ಳಿಯವರಿಗೆ ಎರಡನೇ ದರ್ಜೆಯ ಡಾಕ್ಟರು ಯಾಕೆ ಎಂಬ ಬಹುಮತದ ಪ್ರಶ್ನೆಯಲ್ಲಿ ಘನತೆಯಿತ್ತು, ನಿಜ. ಆದರೆ ಮೊದಲ ದರ್ಜೆಯವರು ಹಳ್ಳಿಗೆ ಬರುವ ದಾರಿಯನ್ನು ಯಾರೂ ಸರಿಯಾಗಿ ಕಟ್ಟಲಿಲ್ಲ. ಎಲ್‌ಎಂಪಿಗಳು ಮುದುಕರಾಗಿ ಮರೆಯಾದರು, ಅವರ ಜಾಗಕ್ಕೆ ಓದಿಲ್ಲದ "ಆರ್‌ಎಂಪಿ ಡಾಕ್ಟ್ರು" ಬಂದು ಕೂತರು.

ಅವರನ್ನು ಬೈಯುವುದು ಸುಲಭ. ದಾಳಿ ನಡೆಯುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಸ್ವಲ್ಪ ದಿನದಲ್ಲೇ ಪಕ್ಕದ ಬೀದಿಯಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಜಿಷ್ಣು ದಾಸ್ ಮತ್ತು ಸಂಗಡಿಗರು ತರಬೇತಾದವರನ್ನು ರೋಗಿಗಳ ವೇಷದಲ್ಲಿ ಕಳಿಸಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರು ಕಂಡ "ಡಾಕ್ಟರು"ಗಳಲ್ಲಿ ಮೂರನೇ ಎರಡರಷ್ಟು ಮಂದಿಗೆ ಯಾವ ವೈದ್ಯಕೀಯ ಪದವಿಯೂ ಇರಲಿಲ್ಲ. ಹೀಗಿದ್ದೂ ಜನ ಅವರಲ್ಲಿಗೇ ಹೋಗುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಅವರು ರಾತ್ರಿ ಬಾಗಿಲು ತಟ್ಟಿದರೆ ಏಳುತ್ತಾರೆ. ದುಡ್ಡು ಸುಗ್ಗಿಯಲ್ಲಿ ಕೊಡಿ ಅನ್ನುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ. ಫ್ಯಾಮಿಲಿ ಡಾಕ್ಟರಲ್ಲಿ ಇರಬೇಕಾದ ಗುಣವೆಲ್ಲ ಅವರಲ್ಲಿದೆ, ವೈದ್ಯ ವಿದ್ಯೆಯೊಂದನ್ನು ಬಿಟ್ಟು. ಸರ್ಕಾರಿ ಡಾಕ್ಟರಲ್ಲಿ ವಿದ್ಯೆಯಿದೆ, ಉಳಿದದ್ದಕ್ಕೆ ನಾವು ಅವಕಾಶ ಕೊಟ್ಟಿಲ್ಲ. ಈ ಎರಡರ ನಡುವೆ ಹಳ್ಳಿಯ ಮಕ್ಕಳಿಗೆ ಬೇಡದ ಆ್ಯಂಟಿಬಯೋಟಿಕ್, ಸ್ಟೆರಾಯ್ಡ್, ಗ್ಲುಕೋಸ್ ಬಾಟಲಿ ಏರುತ್ತಲೇ ಇದೆ.

ಕಾನೂನಿನ ಬಲದಿಂದ ಡಾಕ್ಟರನ್ನು ಹಳ್ಳಿಗೆ ತರುವ ಪ್ರಯತ್ನವೂ ಆಯಿತು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ತಂದಿತು. ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು, ಲಕ್ಷಗಟ್ಟಲೆ ದಂಡದ ಮಾತು ಬಂತು. ಕೊನೆಗೆ ಖಾಲಿ ಇರುವ ಹುದ್ದೆಗಳಿಗೆ ತಕ್ಕಷ್ಟೇ ನೇಮಿಸಿಕೊಳ್ಳುವಂತೆ ತಿದ್ದುಪಡಿಯೂ ಆಯಿತು. ಕಾಯ್ದೆಯಿಂದ ಎಷ್ಟೋ ಕೇಂದ್ರಗಳ ಬೀಗ ತೆಗೆಯಿತು ಎಂಬುದನ್ನು ಒಪ್ಪಬೇಕು. ಆದರೆ ಒಂದು ವರ್ಷಕ್ಕೆ ಬರುವವರ ಮನಸ್ಸು ನೀಟ್ ಪಿಜಿ ಪುಸ್ತಕದಲ್ಲಿರುತ್ತದೆ. ಊರಿನ ದಾರಿ, ಮನೆ, ಮಾತು ಅರ್ಥವಾಗುವ ಹೊತ್ತಿಗೆ ಅವಧಿ ಮುಗಿಯುತ್ತದೆ. ಕಾಯಂ ಹುದ್ದೆಗೆ ಬಂದವರಿಗೂ ಮೇಲೇರುವ ದಾರಿ ಇರುವುದು ಊರು ಬಿಡುವುದರಲ್ಲೇ: ಸೇವಾನಿರತರ ಕೋಟಾದಲ್ಲಿ ಸ್ನಾತಕೋತ್ತರ ಸೀಟು, ಆಮೇಲೆ ತಾಲ್ಲೂಕು ಆಸ್ಪತ್ರೆ, ಆಮೇಲೆ ಜಿಲ್ಲಾ ಕೇಂದ್ರ. ಅದೇ ಪ್ರಾಥಮಿಕ ಕೇಂದ್ರದಲ್ಲಿ ಇಪ್ಪತ್ತು ವರ್ಷ ಉಳಿದವರನ್ನು ನಮ್ಮ ವ್ಯವಸ್ಥೆ ಎಲ್ಲೂ ಸಲ್ಲದವರಂತೆ ನೋಡುತ್ತದೆ.

ಉಳಿದವರ ದಿನ ಹೇಗಿರುತ್ತದೆ? ಬೆಳಿಗ್ಗೆ ಹೊರರೋಗಿಗಳ ಸಾಲು. ನಡುವೆ ತಾಲ್ಲೂಕು ಕಚೇರಿಯ ಸಭೆ, ವಿಡಿಯೊ ಕಾನ್ಫರೆನ್ಸು, ಲಸಿಕೆಯ ಗುರಿ, ಕ್ಷಯದ ವರದಿ, ಡೆಂಗಿ ಲಾರ್ವಾ ಸಮೀಕ್ಷೆ, ಒಂದೊಂದಕ್ಕೂ ಒಂದೊಂದು ಪೋರ್ಟಲ್ಲು. ಯಾತ್ರೆಗೆ ಡ್ಯೂಟಿ, ಸಚಿವರ ಕಾರ್ಯಕ್ರಮಕ್ಕೆ ಡ್ಯೂಟಿ. ಪಕ್ಕದ ಕೇಂದ್ರದ ಹುದ್ದೆ ಖಾಲಿಯಿದ್ದರೆ ವಾರದಲ್ಲಿ ಮೂರು ದಿನ ಅಲ್ಲಿಯ ಪ್ರಭಾರ. ಹಾಗಾಗಿಯೇ ಊರವರಿಗೆ ನರ್ಸಮ್ಮನಿಂದ ಹೆಚ್ಚಾಗಿ ಸಿಗುವ ಉತ್ತರ "ಡಾಕ್ಟ್ರು ಮೀಟಿಂಗ್‌ಗೆ ಹೋಗಿದಾರೆ." ಕ್ವಾರ್ಟರ್ಸ್ ಇದ್ದರೆ ಸೋರುತ್ತದೆ. ಗಂಡ ಹೆಂಡತಿ ಇಬ್ಬರೂ ಡಾಕ್ಟರಾದರೆ ಒಂದೇ ಕಡೆ ಹುದ್ದೆ ಸಿಗುವುದು ಅಪರೂಪ. ಮಕ್ಕಳ ಶಾಲೆಯ ಚಿಂತೆ ಬೇರೆ. ರಾತ್ರಿ ಒಂಟಿಯಾಗಿ ಡ್ಯೂಟಿಯಲ್ಲಿರುವ ಯುವ ವೈದ್ಯೆಯ ಎದುರು ಕುಡಿದ ಗುಂಪೊಂದು ಬಂದು ನಿಂತರೆ ಕಾಯಲು ಒಬ್ಬ ಕಾವಲುಗಾರನೂ ಇರುವುದಿಲ್ಲ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ರಾಜ್ಯ ಕಾಯ್ದೆ ಮಾಡಿದೆ, ಆದರೆ ಕಾಯ್ದೆಯ ಫಲಕ ಗೋಡೆಯ ಮೇಲಿದ್ದರೆ ಧೈರ್ಯ ಬರುವುದಿಲ್ಲ. "ಇಷ್ಟು ಸಂಬಳ ಕೊಟ್ಟರೂ ಹಳ್ಳಿಗೆ ಬರಲ್ಲ" ಎನ್ನುವವರು ಒಮ್ಮೆ ಆ ಕ್ವಾರ್ಟರ್ಸಿನಲ್ಲಿ ಒಂದು ಮಳೆಗಾಲ ಕಳೆಯಲಿ.

ಉಳಿದವರು

ಇಷ್ಟೆಲ್ಲದರ ನಡುವೆಯೂ ಉಳಿದವರಿದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ಕೆಲಸ ಆರಂಭಿಸಿದರು. ಆ ಸಮುದಾಯದಲ್ಲಿ ಕುಡಗೋಲು ರಕ್ತಕಣದ ಕಾಯಿಲೆ ಇರುವುದು ಹೊರಜಗತ್ತಿಗೆ ತಿಳಿದದ್ದೇ ಅಲ್ಲಿ ಕೂತು ನೋಡಿದ್ದರಿಂದ. ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು, ಸರ್ಕಾರಿ ಕೇಂದ್ರವೂ ಚೆನ್ನಾಗಿ ನಡೆಯಬಲ್ಲದು ಎಂದು ತೋರಿಸಿತು. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನ ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ ನಡೆಸುತ್ತಿದೆ. ಮಂಡ್ಯದ ಡಾ. ಎಸ್.ಸಿ. ಶಂಕರೇಗೌಡರ ಐದು ರೂಪಾಯಿ ಫೀಜು ನಾಡಿಗೆಲ್ಲ ಗೊತ್ತು. ನೆಲಮಂಗಲದ ಬಳಿಯ ಟಿ. ಬೇಗೂರಿನಲ್ಲಿ ಡಾ. ಬಿ. ರಮಣ ರಾವ್ 1970ರ ದಶಕದಿಂದ ಭಾನುವಾರಗಳಂದು ಉಚಿತ ಚಿಕಿತ್ಸೆ ಕೊಡುತ್ತ ಬಂದಿದ್ದಾರೆ. ಹೊನ್ನಾವರ ತಾಲ್ಲೂಕಿನ ಕವಲಕ್ಕಿಯಲ್ಲಿ ಕ್ಲಿನಿಕ್ ನಡೆಸುತ್ತಲೇ ಬರೆಯುತ್ತಿರುವ ಡಾ. ಎಚ್.ಎಸ್. ಅನುಪಮಾ ಅವರನ್ನು ಓದಿದವರಿಗೆ, ಹಳ್ಳಿಯ ಡಾಕ್ಟರೆದುರಿನ ಕುರ್ಚಿಯಲ್ಲಿ ಎಂಥೆಂಥ ಬದುಕುಗಳು ಬಂದು ಕೂರುತ್ತವೆ ಎಂಬುದು ತಿಳಿದಿರುತ್ತದೆ.

ಇವರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಇವರನ್ನು ಸನ್ಮಾನಿಸಿ ಕೈತೊಳೆದುಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ ಅಷ್ಟೇ ಬೇಸರವಿದೆ. ಎರಡು ಸಾವಿರ ಚಿಲ್ಲರೆ ಕೇಂದ್ರಗಳಿಗೆ ಎರಡು ಸಾವಿರ ತ್ಯಾಗಿಗಳನ್ನು ಹುಡುಕಲಾಗದು. ಸಾಮಾನ್ಯ ಆಸೆಗಳಿರುವ, ಮನೆ ಮಕ್ಕಳ ಚಿಂತೆಯಿರುವ, ಒಳ್ಳೆಯ ಮನಸ್ಸಿನ ಸಾಮಾನ್ಯ ಡಾಕ್ಟರು ಹಳ್ಳಿಯಲ್ಲಿ ಸಂತೋಷವಾಗಿ ಇಪ್ಪತ್ತು ವರ್ಷ ಇರುವಂಥ ಏರ್ಪಾಡು ಬೇಕು.

ದುಡ್ಡಿನ ಹರಿವೂ ಇದಕ್ಕೆ ಎದುರಾಗಿಯೇ ಇದೆ. 2003ರ ಯಶಸ್ವಿನಿಯಿಂದ ಹಿಡಿದು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ನಮ್ಮ ಯೋಜನೆಗಳು ಮುಖ್ಯವಾಗಿ ಹಣ ಕೊಡುವುದು ಆಪರೇಷನ್ನಿಗೆ, ಆಸ್ಪತ್ರೆ ವಾಸಕ್ಕೆ. ಅವುಗಳಿಂದ ಬದುಕಿದವರು ಸಾವಿರಾರು ಮಂದಿ. ಆ ಯೋಜನೆಗಳು ಬೇಕೇ ಬೇಕು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಲು ಲಕ್ಷ ಕೊಡುವ ವ್ಯವಸ್ಥೆ, ಸ್ಟೆಂಟ್ ಬೇಡವಾಗುವಂತೆ ಹತ್ತು ವರ್ಷ ಬಿಪಿ ನೋಡಿಕೊಂಡ ಡಾಕ್ಟರಿಗೆ ಏನು ಕೊಡುತ್ತದೆ? ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. 2022ರಲ್ಲಿ ಶಿರೂರು ಟೋಲ್ ಬಳಿ ರೋಗಿಯನ್ನು ಹೊತ್ತ ಆ್ಯಂಬುಲೆನ್ಸ್ ಅಪಘಾತಕ್ಕೀಡಾದಾಗ ಆ ಸಿಟ್ಟು ಜಿಲ್ಲೆಯೆಲ್ಲ ಹಬ್ಬಿತು. ಅಂಕೋಲ, ಸಿದ್ದಾಪುರ, ಜೊಯಿಡಾದವರು ಎದೆ ಹಿಡಿದುಕೊಂಡು ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಾದ ಸ್ಥಿತಿಯಲ್ಲಿ ಆ ಬೇಡಿಕೆ ನೂರಕ್ಕೆ ನೂರು ನ್ಯಾಯ. ನನ್ನನ್ನು ಕಾಡುವುದು ಇನ್ನೊಂದು: ನಮ್ಮ ಊರಿನ ಡಾಕ್ಟರನ್ನು ವರ್ಷ ವರ್ಷ ಬದಲಿಸಬೇಡಿ ಎಂದು ದೊಡ್ಡ ಹೋರಾಟ ಹುಟ್ಟಿದ್ದನ್ನು ನಾನು ಕಂಡಿಲ್ಲ. ಶಂಕುಸ್ಥಾಪನೆಗೆ ಕಲ್ಲು ಬೇಕು. ಉಳಿದುಕೊಂಡ ಡಾಕ್ಟರಿಗೆ ಶಂಕುಸ್ಥಾಪನೆ ಮಾಡಲಾಗದು.

ತಂತ್ರಜ್ಞಾನ ಸಹಾಯ ಮಾಡುತ್ತಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರು ಮಾಡಿದ ವಾಟ್ಸ್‌ಆ್ಯಪ್ ಬಳಗಗಳ ಮೂಲಕ ಹಳ್ಳಿಯ ಡಾಕ್ಟರು ಇಸಿಜಿ ಕಳಿಸಿ ತಕ್ಷಣ ಸಲಹೆ ಪಡೆಯುತ್ತಾರೆ. ಇಸಿಜಿ ಯಂತ್ರಗಳನ್ನೇ ಅವರು ನೂರಾರು ಕಡೆ ಕೊಡಿಸಿದ್ದಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇ–ಸಂಜೀವಿನಿಯಲ್ಲಿ ಉಪಕೇಂದ್ರದಿಂದಲೇ ದೂರದ ಡಾಕ್ಟರ ಜತೆ ಮಾತಾಡಬಹುದು. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆಗೆ ಹೊರಟಿದೆ. ಗಮನಿಸಿ: ಇಸಿಜಿ ಕಳಿಸಬೇಕೆಂದು ಹೊಳೆಯಲು ಈ ತುದಿಯಲ್ಲಿ ಒಬ್ಬ ಡಾಕ್ಟರು ಇರಲೇಬೇಕು. ಮನೆಗೆ ಹೋಗಿ ಬಿಪಿ ಅಳೆದು ಬರೆದ ಮೇಲೆ ಆ ಬರಹವನ್ನು ಮುಂದಿನ ತಿಂಗಳೂ ಮುಂದಿನ ವರ್ಷವೂ ಓದುವವರು ಒಬ್ಬರೇ ಆಗಿರಬೇಕು.

ಹಾಗಾದರೆ ಏನು ಮಾಡಬಹುದು? ಜಪಾನ್ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಹಳ್ಳಿಗಾಡಿನಲ್ಲಿ ಉಳಿಯುವ ಡಾಕ್ಟರಿಗಾಗಿಯೇ. ಪ್ರತಿ ಪ್ರಾಂತದಿಂದ ಮಕ್ಕಳನ್ನು ಆಯ್ದು, ಶುಲ್ಕವಿಲ್ಲದೆ ಓದಿಸಿ, ಒಟ್ಟು ಒಂಬತ್ತು ವರ್ಷ ತಮ್ಮದೇ ಪ್ರಾಂತದ ಸೇವೆಯಲ್ಲಿಡುತ್ತದೆ. ಒಂದು ವರ್ಷಕ್ಕೂ ಒಂಬತ್ತು ವರ್ಷಕ್ಕೂ ಇರುವ ವ್ಯತ್ಯಾಸ ಸಂಖ್ಯೆಯದಷ್ಟೇ ಅಲ್ಲ. ಒಂಬತ್ತು ವರ್ಷದಲ್ಲಿ ಮನುಷ್ಯ ಮನೆ ಕಟ್ಟುತ್ತಾನೆ, ನೆರೆಹೊರೆ ಸಂಪಾದಿಸುತ್ತಾನೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಹಳ್ಳಿಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತ ಬಂದಿದೆ. ನಮ್ಮಲ್ಲೂ ಬೀಜಗಳಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ತನ್ನ ಪದವೀಧರರನ್ನು ಎರಡು ವರ್ಷ ಗ್ರಾಮೀಣ ಸೇವೆಗೆ ಕಳಿಸುತ್ತದೆ. ಈಗಿನ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ಗಮನಿಸುವ ನಿಯಮ ಬಂದಿದೆ. ಇದು ಫೋಟೊ ತೆಗೆದು ಅಪ್‌ಲೋಡ್ ಮಾಡುವ ಶಾಸ್ತ್ರವಾಗದೆ ಉಳಿದರೆ ಒಳ್ಳೆಯದು.

ಫ್ಯಾಮಿಲಿ ಮೆಡಿಸಿನ್ ಎಂಬ ಸ್ನಾತಕೋತ್ತರ ವಿಷಯವೇ ಇದೆ. ಕೇರಳದ ಕೋಯಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜು ಇದರಲ್ಲಿ ಎಂ.ಡಿ. ಆರಂಭಿಸಿ ದಾರಿ ತೋರಿತು. ಕೂಸಿನಿಂದ ಮುದುಕರವರೆಗೆ, ಹೆರಿಗೆಯಿಂದ ಖಿನ್ನತೆಯವರೆಗೆ ನೋಡಬಲ್ಲ, ಯಾರನ್ನು ಯಾವಾಗ ಎಲ್ಲಿಗೆ ಕಳಿಸಬೇಕೆಂದು ಬಲ್ಲ ತಜ್ಞರನ್ನು ಅದು ತಯಾರು ಮಾಡುತ್ತದೆ. ಆದರೆ ಸೀಟುಗಳು ತೀರಾ ಕಡಿಮೆ, ಓದಿದವರಿಗೆ ಸರ್ಕಾರದಲ್ಲಿ ತಕ್ಕ ಹುದ್ದೆಯೂ ವಿರಳ. ನಮ್ಮ ಸರ್ಕಾರಿ ಕಾಲೇಜುಗಳೆಲ್ಲ ಈ ವಿಭಾಗ ತೆರೆದು, ಓದಿನ ಅರ್ಧ ಭಾಗ ತಾಲ್ಲೂಕು ಮತ್ತು ಪ್ರಾಥಮಿಕ ಕೇಂದ್ರಗಳಲ್ಲೇ ನಡೆಯುವಂತೆ ಮಾಡಬೇಕು. ಅಲ್ಲಿ ಉಳಿದವರಿಗೆ ಹೃದ್ರೋಗ ತಜ್ಞರಷ್ಟೇ ಸಂಬಳ, ಅಷ್ಟೇ ಬಡ್ತಿ, ಅಷ್ಟೇ ಮರ್ಯಾದೆ ಸಿಗಬೇಕು.

ಇನ್ನು ನಾರ್ವೆಯಂತೆ ಒಬ್ಬೊಬ್ಬ ಡಾಕ್ಟರ ಹೆಸರಿನಲ್ಲಿ ಜನರ ಪಟ್ಟಿ ಮಾಡುವ ಮಾತು. ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಎಂಬುದು ನಿಯಮ. ನಾರ್ವೆಯ ಡಾಕ್ಟರ ಪಟ್ಟಿಯಲ್ಲಿ ಸಾವಿರದ ಆಸುಪಾಸು ಜನರಿದ್ದರೆ, ನಮ್ಮ ಒಬ್ಬ ವೈದ್ಯಾಧಿಕಾರಿಯ ಹೆಗಲ ಮೇಲೆ ಮೂವತ್ತು ಸಾವಿರ. ಅವರೊಬ್ಬರೇ ಎಲ್ಲರ ಫ್ಯಾಮಿಲಿ ಡಾಕ್ಟರಾಗುವುದು ಅಸಾಧ್ಯ. ಆದರೆ 5,000 ಜನಕ್ಕೊಂದು ಉಪಕೇಂದ್ರವಿದೆ, ಅಲ್ಲಿಗೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದಿದ್ದಾರೆ. ಸಾವಿರ ಜನಕ್ಕೊಬ್ಬರು ಆಶಾ ಕಾರ್ಯಕರ್ತೆ ಇದ್ದಾರೆ. ಯಾವ ಮನೆಯಲ್ಲಿ ಬಸುರಿ, ಯಾರಿಗೆ ಶುಗರ್, ಯಾರ ಕ್ಷಯದ ಮಾತ್ರೆ ಮುಗಿಯಿತು ಎಂಬುದೆಲ್ಲ ಆಕೆಯ ಡೈರಿಯಲ್ಲಿದೆ. ಕುಟುಂಬಗಳ ಪಟ್ಟಿ ಈಗಾಗಲೇ ಸಿದ್ಧ. ಅದರ ತಲೆಯ ಮೇಲೆ ಬರೆಯಬೇಕಾದ ಡಾಕ್ಟರ ಹೆಸರು ಇಲ್ಲ. ಪ್ರತಿ ಕೇಂದ್ರಕ್ಕೆ ಒಬ್ಬರ ಬದಲು ಮೂವರು ಡಾಕ್ಟರನ್ನು ಕೊಟ್ಟು, ಹತ್ತತ್ತು ಸಾವಿರ ಜನರನ್ನು ಹೆಸರು ಹಿಡಿದು ಹಂಚಿ, ಸಭೆ ಮತ್ತು ಪೋರ್ಟಲ್ ಕೆಲಸಕ್ಕೆ ಬೇರೆ ಸಿಬ್ಬಂದಿ ಇಟ್ಟರೆ, ಒಬ್ಬರು ರಜೆ ಹೋದರೂ ಇನ್ನಿಬ್ಬರು ಇರುತ್ತಾರೆ. ಒಂಟಿತನದ ಅಂಜಿಕೆಯೂ ಇಳಿಯುತ್ತದೆ. ಹತ್ತು ಸಾವಿರವೂ ಹೆಚ್ಚೇ. ಆದರೆ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಜತೆಗಿದ್ದರೆ ಅದು ನಿಭಾಯಿಸಲಾಗದ ಭಾರವಲ್ಲ. ವರ್ಷಕ್ಕೆ ಹತ್ತು ಸಾವಿರ ಡಾಕ್ಟರನ್ನು ಓದಿಸುವ ರಾಜ್ಯಕ್ಕೆ ಆರು ಸಾವಿರ ಡಾಕ್ಟರು ಸಿಗುವುದಿಲ್ಲ ಎಂದರೆ ನಂಬುವುದು ಹೇಗೆ?

ಇದೆಲ್ಲ ಬೆಂಗಳೂರಿನಲ್ಲಿ ಆಗಬೇಕಾದ ತೀರ್ಮಾನ. ಊರಿನಲ್ಲಿ ಆಗಬಹುದಾದದ್ದೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳಲ್ಲಿ ಸ್ಥಳೀಯರೂ ಇರುತ್ತಾರೆ. ಸಾಮಾನ್ಯವಾಗಿ ಅಲ್ಲಿ ಬಣ್ಣ, ಬಲ್ಬು, ಬೋರ್‌ವೆಲ್ಲಿನ ಚರ್ಚೆ ನಡೆಯುತ್ತದೆ. ಮುಂದಿನ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ: ಹೋದ ಐದು ವರ್ಷದಲ್ಲಿ ಇಲ್ಲಿ ಎಷ್ಟು ಡಾಕ್ಟರು ಬಂದರು, ಎಷ್ಟು ಮಂದಿ ಹೋದರು, ಯಾಕೆ ಹೋದರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ, ಅದರ ಒಂದು ಪ್ರತಿಯನ್ನು ಗ್ರಾಮಸಭೆಗೂ ಶಾಸಕರಿಗೂ ಕಳಿಸಲಿ. ಈಗ ಇರುವ ಡಾಕ್ಟರ ಕ್ವಾರ್ಟರ್ಸ್ ಸೋರುತ್ತಿದ್ದರೆ ಅದರ ಹೆಂಚು ಬದಲಿಸುವ ಠರಾವನ್ನು ಅದೇ ದಿನ ಪಾಸು ಮಾಡಲಿ.